ಕೋಟೆ ಬಿಡದ ಆನೆ

ಆ ಸೋಮವಾರ ಮಧ್ಯಾಹ್ನ ನಮ್ಮ ಮಾವನವರು ನನ್ನ ಎರಡು ಆನೆಗಳನ್ನು ಕೊಂದರು, ಒಂದು ಹರಗೋಲನ್ನು ಕಾಗಿಣಾ ಹೊಳೆಯಲ್ಲಿ ಮುಳುಗಿಸಿದರು, ಅರ್ಧ ಕಪ್ ಚಹಾ ಕುಡಿದರು, ಹಸಿರು ಕೆಂಪು ಬಾವುಟಗಳನ್ನು ಬಗಲಲ್ಲಿ ಇಟ್ಟುಕೊಂಡು ಡ್ಯೂಟಿಗೆ ಹೋದರು. ಅವರಂಥ ಸಾಧು ಮನುಷ್ಯ ಚಿತ್ತಾಪುರದಿಂದ ಸೇಡಂವರೆಗೆ ಹುಡುಕಿದರೂ ಸಿಗುತ್ತಿರಲಿಲ್ಲ. ದಾರಿಯಲ್ಲಿ ಇರುವೆ ಸಾಲು ಕಂಡರೆ ಅದು ಮುಗಿಯುವ ತನಕ ನಿಂತು, ಆಮೇಲೆ ದಾಟುವ ಮನುಷ್ಯ. ಆದರೆ ಒಂದು ಫರಸಿ ಕಲ್ಲಿನ ಮುಂದೆ ಕೂತರೋ, ರಾಜ್ಯಕ್ಕೆ ರಾಜ್ಯವನ್ನೇ ಮುಳುಗಿಸಿ ಚಹಾ ಕೇಳುತ್ತಿದ್ದರು!

ಆ ಸೋಮವಾರದ ನಂತರ ನಮ್ಮ ಮನೆಯಲ್ಲಿ ಆಟ ನಡೆದಿಲ್ಲ. ಅದನ್ನು ಕೊನೆಗೆ ಹೇಳುತ್ತೇನೆ. ಮೊದಲು ಆಟ ಎಂಥದು ಎಂದು ಹೇಳಬೇಕಲ್ಲ? ಹೇಳುವುದು ಸುಲಭವಲ್ಲ. ಒಂಬತ್ತು ವರ್ಷ ಆಡಿದ ನನಗೇ ಅದು ಪೂರ್ತಿ ತಿಳಿದಿಲ್ಲ.

ಮಾವನವರ ಹಿರಿಯರು ಕಾಗಿಣಾ ಹೊಳೆಯಲ್ಲಿ ಹರಗೋಲು ಹಾಕುತ್ತಿದ್ದವರು. ಮಾವನವರು ರೈಲಿಗೆ ಸೇರಿ, ವಾಡಿಯಿಂದ ಸೇಡಂ ಕಡೆ ಹೋಗುವ ದಾರಿಯ ಒಂದು ಸಣ್ಣ ಸ್ಟೇಷನ್ನಿನಲ್ಲಿ ಹಳಿ ಬದಲಿಸಿ ಬಾವುಟ ತೋರಿಸುವ ಪಾಯಿಂಟ್ಸ್‌ಮನ್ ಆದರು. ಹೊಳೆ ಒಂದು ಕಡೆ ಎಳೆಯುತ್ತಿತ್ತು, ರೈಲು ಒಂದು ಕಡೆ. ಎರಡನ್ನೂ ಬಿಡಲಾರದೆ ಅವರು ಒಂದು ಆಟ ಕಟ್ಟಿದರು. ಮನೆ ಕಟ್ಟುವಾಗ ಪಡಸಾಲೆಗೂ ಅಡಿಗೆಮನೆಗೂ ನಡುವಿನ ಬಾಗಿಲಲ್ಲಿ ಶಹಾಬಾದಿನ ಒಂದು ಫರಸಿ ಹಾಕಿಸಿ, ತಾವೇ ಉಳಿ ಹಿಡಿದು ಎಂಬತ್ತೊಂದು ಮನೆ ಕೆತ್ತಿದರು. ನಡುವೆ ಕಾಗಿಣಾ ಹೊಳೆ. ಹೊಳೆಯಲ್ಲೊಂದು ಮಡು. ಮಡುವಿನಲ್ಲಿ ಒಬ್ಬ ರಕ್ಕಸ. ಎರಡು ಮೂಲೆಗೆ ಎರಡು ಕೋಟೆ. ತೊಗರಿ ಕಾಳು ಸೈನಿಕರು, ಒಡೆದ ಬಳೆ ಚೂರು ಹರಗೋಲು, ಹುಣಸೆ ಬೀಜ ಆನೆ, ಕಡೆಗೊಂದು ಕವಡೆ ರಾಜ. ಇಷ್ಟೇ ಆಗಿದ್ದರೆ ನಾನು ಈ ಪ್ರಬಂಧ ಬರೆಯುವ ಹೊತ್ತು ಬರುತ್ತಿರಲಿಲ್ಲ.

ರಾಜ್ಯಕ್ಕೆ ಕರ್ನಾಟಕ ಎಂದು ಹೆಸರು ಬಂದ ವರ್ಷ ನಾನು ಚಿಮ್ಮನಚೋಡದಿಂದ ಆ ಮನೆಗೆ ಸೊಸೆಯಾಗಿ ಬಂದೆ. ತವರಿನಲ್ಲಿ ಚೌಕಾಬಾರದಲ್ಲಿ ನನ್ನನ್ನು ಸೋಲಿಸಿದವರು ಇರಲಿಲ್ಲ. ಆ ಗರ್ವ ಮಾವನವರ ಕಲ್ಲಿನ ಮುಂದೆ ಅರ್ಧ ಗಳಿಗೆ ಮಾತ್ರ ನಿಂತಿತು.

ಹೊಸ ಸೊಸೆ ಮಾವನ ಎದುರಿಗೆ ಕೂರುವಂತಿಲ್ಲ, ನೇರವಾಗಿ ಮಾತಾಡುವಂತಿಲ್ಲ. ಹಾಗಾದರೆ ಆಟ ಹೇಗೆ? ಮಾವನವರು ಹೊಸ್ತಿಲಿನ ಆಚೆ, ನಾನು ಸೆರಗು ಹೊದ್ದು ಅಡಿಗೆಮನೆಯ ಈಚೆ, ಬಾಗಿಲ ಮರೆಯಲ್ಲಿ. ನಡುವೆ ನಮ್ಮ ಅತ್ತೆ, ಮೊರದಲ್ಲಿ ಅಕ್ಕಿ ಹಸನು ಮಾಡುತ್ತ. ನಾನು ಅತ್ತೆಯ ಕಿವಿಯಲ್ಲಿ ಹೇಳಬೇಕು, ಅತ್ತೆ ಗಟ್ಟಿಯಾಗಿ ಹೇಳಬೇಕು. ಅತ್ತೆ ಬರೀ ಹೇಳುತ್ತಿದ್ದರೇ? ತಿದ್ದಿ ಹೇಳುತ್ತಿದ್ದರು. ನಾನು ಎಡಕ್ಕೆ ಎಂದರೆ, ಅಲ್ಲಿ ರಕ್ಕಸನಿದ್ದಾನೆ ಎಂದು ತಾವೇ ಬಲಕ್ಕೆ ಕಳಿಸುತ್ತಿದ್ದರು. ಒಂದು ವರ್ಷ ಆಡಿದ್ದು ನಾನೋ ಅತ್ತೆಯೋ ಎಂದು ಈಗಲೂ ಅನುಮಾನ.

ಮೊದಲ ದಿನವೇ ಮಾವನವರು ಕಾಯ್ದೆ ಹೇಳಲು ಕೂತರು. ಒಂದು ಗೆಜ್ಜೆ ಎತ್ತಿ ತೋರಿಸಿದರು. ಎತ್ತಿನ ಕೊರಳಿನ ಹಿತ್ತಾಳೆ ಗೆಜ್ಜೆ. ರೈಲಿನ ಡ್ರೈವರನ ಕೈಗೆ ಸ್ಟೇಷನ್ನಿನವರು ಲೋಹದ ಒಂದು ಗುಂಡು ಕೊಡುತ್ತಾರೆ, ಅದಿಲ್ಲದೆ ಗಾಡಿ ಮುಂದಿನ ಸ್ಟೇಷನ್ನಿಗೆ ಹೊರಡುವಂತಿಲ್ಲ. ಹಾಗೆಯೇ ಈ ಗೆಜ್ಜೆ ಕೈಗೆ ಬಾರದೆ ಸೈನ್ಯ ಕೋಟೆ ಬಿಡುವಂತಿಲ್ಲ. ದಾರಿಗೆ ಒಂದೇ ಗೆಜ್ಜೆ. ಹೀಗಾಗಿ ಒಂದು ದಾರಿಯಲ್ಲಿ ಎರಡು ಸೈನ್ಯ ಬರುವುದೇ ಇಲ್ಲ.

ನಾನು ಅತ್ತೆಯ ಕಿವಿಯಲ್ಲಿ ಕೇಳಿದೆ. ಎರಡು ಸೈನ್ಯ ಎದುರುಬದುರು ಬರದಿದ್ದರೆ ಯುದ್ಧ ಆಗುವುದು ಹೇಗೆ?

ಅತ್ತೆ ಅದನ್ನು ದಾಟಿಸಿದರು. ಮಾವನವರು ಕನ್ನಡಕ ತೆಗೆದು ಒರೆಸಿಕೊಂಡರು. ಇಪ್ಪತ್ತು ವರ್ಷದಲ್ಲಿ ಈ ಪ್ರಶ್ನೆ ಯಾರೂ ಕೇಳಿರಲಿಲ್ಲವಂತೆ.

"ಆಕಿಗಿ ಹೇಳು," ಎಂದರು ಅತ್ತೆಗೆ. "ಎದುರುಬದುರು ಬಂದ್ರ ಅದಕ್ಕ ಯುದ್ಧ ಅನ್ನಂಗಿಲ್ಲ. ಅಪಘಾತ ಅಂತಾರ."

ಹೀಗೆ ನಮ್ಮದು ಯುದ್ಧಕ್ಕೆ ಅನುಮತಿಯಿಲ್ಲದ ಯುದ್ಧದ ಆಟ! ಎದುರಾಳಿಯ ದಾರಿ ಕಟ್ಟಿ, ಕಾಯಿಸಿ, ಬೇಸತ್ತು ಹೊಳೆಗಿಳಿಯುವಂತೆ ಮಾಡಬೇಕು. ಹೊಳೆಗಿಳಿದವರನ್ನು ರಕ್ಕಸ ನೋಡಿಕೊಳ್ಳುತ್ತಾನೆ. ಎದುರಾಳಿಯ ರಾಜ ಮಡುವಿನಲ್ಲಿ ಸಿಕ್ಕಾಗ ದಂಡೆಯ ಮೇಲೆ ನಮ್ಮ ಕಡೆಯ ದೊಡ್ಡ ಆನೆ ತಂದು ನಿಲ್ಲಿಸಿದರೆ ಗೆಲುವು.

ಗೆದ್ದವರಿಗೆ ಬಹುಮಾನ ಏನು ಗೊತ್ತೆ? ಆಟಕ್ಕೆ ಒಂದು ಹೊಸ ಕಾಯ್ದೆ ಸೇರಿಸಬಹುದು. ಗೆಲ್ಲುತ್ತಿದ್ದವರು ಅವರೊಬ್ಬರೇ. ಆದ್ದರಿಂದ ಕಾಯ್ದೆಗಳು ಮಳೆಗಾಲದ ಹುಲ್ಲಿನ ಹಾಗೆ ಬೆಳೆದಿದ್ದವು, ಎಲ್ಲವೂ ಒಂದೇ ಕಡೆ ಬಾಗಿ.

ಅವುಗಳಲ್ಲಿ ಒಂದು ಮಾಯದ ಕುದುರೆ. ಅದಕ್ಕೆ ಕಾಳಿಲ್ಲ, ಬೀಜವಿಲ್ಲ. ಅದು ಯಾವ ಮನೆಯಲ್ಲಿದೆ ಎಂದು ಮಾವನವರಿಗಷ್ಟೇ ಗೊತ್ತು. ನಾನು ಎಲ್ಲಿ ಕಾಲಿಟ್ಟರೂ ಅಲ್ಲಿ ಕುದುರೆ ಇರುತ್ತಿತ್ತು. ಆರು ತಿಂಗಳು ಈ ಕಾಣದ ಕುದುರೆಯ ಒದೆ ತಿಂದೆ. ಒಂದು ಮುಂಜಾನೆ ಅತ್ತೆಗೆ ಸಾಕಾಯಿತು.

"ಕಸಾ ಹೊಡಿವಾಗ ನಿಮ್ಮ ಕುದುರಿ ಇಲ್ಲೇ ಬಿದ್ದಿತ್ತು ನೋಡ್ರಿ," ಎಂದರು. "ಕಸದ ಸಂಗಾಟ ತಿಪ್ಪಿಗಿ ಚೆಲ್ಲಿ ಬಂದೀನಿ."

ಬೇರೆಯವರಾಗಿದ್ದರೆ ನಗುತ್ತಿದ್ದರು, ಇಲ್ಲವೇ ಸಿಟ್ಟಾಗುತ್ತಿದ್ದರು. ಮಾವನವರು ಯೋಚಿಸಿದರು. ತಿಪ್ಪೆಯಿಂದ ಕೋಟೆಗೆ ಕುದುರೆಗೆ ಮೂರು ದಿನದ ದಾರಿ ಎಂದು ತೀರ್ಮಾನಿಸಿ, ಮೂರು ದಿನ ಕುದುರೆ ಇಲ್ಲದೆಯೇ ಆಡಿದರು. ನಾಲ್ಕನೆಯ ದಿನ ಅದು ಬಂತು. ದಣಿದಿದೆ ಎಂದು ಹೇಳಿ ಅವತ್ತೂ ಓಡಿಸಲಿಲ್ಲ.

ಇನ್ನೊಮ್ಮೆ ಬೇಳೆ ಕಡಿಮೆ ಬಿದ್ದಾಗ ಅತ್ತೆ ಕಲ್ಲಿನ ಮೇಲಿದ್ದ ತೊಗರಿಯನ್ನು ಬಳಿದು ಒಲೆಯ ಮೇಲಿನ ಗಡಿಗೆಗೆ ಹಾಕಿಬಿಟ್ಟರು. ಎರಡೂ ಕಡೆಯ ಸೈನ್ಯ ಒಂದೇ ಗಡಿಗೆಯಲ್ಲಿ ಬೆಂದಿತು. ಊಟಕ್ಕೆ ಕೂತ ಮಾವನವರು ಒಂದು ತುತ್ತು ತಿಂದು, ಇದರಲ್ಲಿ ನಮ್ಮವರು ಎಷ್ಟು ನಿಮ್ಮವರು ಎಷ್ಟು ಎಂದು ಕೇಳಿದರು. ಉಪ್ಪು ಸರಿಯಿದೆಯೋ ಇಲ್ಲವೋ ಅದನ್ನು ಹೇಳಿ ಎಂದರು ಅತ್ತೆ.

ನನ್ನ ಗಂಡ ಶಹಾಬಾದಿನ ಕಲ್ಲಿನ ಖಣಿಯಲ್ಲಿ ಕೆಲಸಕ್ಕಿದ್ದರು. ಸಣ್ಣವರಿದ್ದಾಗ ಎರಡು ದಿನ ಆಟ ಕಲಿತು, ಇದಕ್ಕಿಂತ ಕಲ್ಲು ಒಡೆಯುವುದು ಹಗುರ ಎಂದು ಎದ್ದುಹೋದವರು. ಆ ಸಿಟ್ಟಿಗೆ ಮಾವನವರು ಒಂದು ಕಾಯ್ದೆ ಮಾಡಿಟ್ಟಿದ್ದರು. ಕಲಿಯದೆ ಎದ್ದವರು ಆಟದಲ್ಲಿ ಬಾಯಿ ಹಾಕುವಂತಿಲ್ಲ.

ಈಗ ಆನೆಯ ಮಾತು.

ಆನೆ ನಡೆಸುವುದಕ್ಕೂ ಒಂದು ಕಾಯ್ದೆ. ಅದರ ಹೆಸರು ಹಿಡಿದು ಗಟ್ಟಿಯಾಗಿ ಕರೆಯಬೇಕು, ಕರೆಯದೆ ಆನೆ ಏಳುವುದಿಲ್ಲ. ಸಣ್ಣ ಆನೆಗಳಿಗೆ ಊರ ಹೆಸರು. ನನ್ನವು ಕುರಕುಂಟಾ ಮತ್ತು ಕೊಡ್ಲಿ. ಅವನ್ನು ಅತ್ತೆ ನನ್ನ ಪರವಾಗಿ ಕರೆಯುತ್ತಿದ್ದರು. ಆದರೆ ಕರಿಕಲ್ಲಿನಲ್ಲಿ ಕೆತ್ತಿದ ಒಂದು ದೊಡ್ಡ ಆನೆಯಿತ್ತು. ಸೊಂಡಿಲು, ಕಿವಿ, ಬಾಲ ಎಲ್ಲ ಇದ್ದ ಆನೆ. ಆಟ ಕಟ್ಟಿದ ವಯಸ್ಸಿನಲ್ಲಿ ಮಾವನವರು ಅದಕ್ಕೆ ತಮ್ಮದೇ ಹೆಸರು ಇಟ್ಟಿದ್ದರು. ನಾನು ಬಂದ ದಿನ ಆ ಆನೆಯನ್ನು ತಮ್ಮ ಕೋಟೆಯಿಂದ ಎತ್ತಿ ನನ್ನ ಕೋಟೆಯಲ್ಲಿಟ್ಟು, ತಾವು ಒಂದು ಒರಟು ಕಲ್ಲಿಗೆ ಊರ ಹೆಸರಿಟ್ಟು ಅದನ್ನೇ ತಮ್ಮ ದೊಡ್ಡ ಆನೆ ಮಾಡಿಕೊಂಡರು. ಮನೆಗೆ ಬಂದ ಸೊಸೆಗೆ ತಮ್ಮ ಆನೆಯನ್ನೇ ಕೊಟ್ಟೆ ಎಂದು ಸ್ಟೇಷನ್ನಿನಲ್ಲಿ ಎಲ್ಲರಿಗೂ ಹೇಳಿದರಂತೆ.

ಮಾವನ ಹೆಸರನ್ನು ಸೊಸೆ ಬಾಯಲ್ಲಿ ಹೇಳುವುದುಂಟೇ?

ಇದು ಯಾರಿಗೂ ಹೊಳೆದಿರಲಿಲ್ಲ. ನನಗೆ ಅದನ್ನು ನಡೆಸುವ ಸಮಯ ಬಂದಾಗ ಅತ್ತೆಯ ಕಿವಿಯಲ್ಲಿ, ದೊಡ್ಡದು ಎಂದೆ. ಅತ್ತೆ ಬಾಯಿ ತೆರೆದರು, ಮುಚ್ಚಿದರು. ಅವರಿಗೆ ಅದು ಗಂಡನ ಹೆಸರು! ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಆಮೇಲೆ ಅತ್ತೆ ಮೊರ ಕೆಳಗಿಟ್ಟು ನಗಲು ಶುರು ಮಾಡಿದರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮಾವನವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವರ ಮುಖ ಸಣ್ಣದಾಯಿತು. ಪ್ರೀತಿಯಿಂದ ಕೊಟ್ಟದ್ದು ಹೀಗಾಯಿತಲ್ಲ ಎಂದು.

ದಾರಿಗಳನ್ನು ಹುಡುಕಿದೆವು. ಬಾವುಟದವರ ಆನೆ ಎಂದು ಕರೆದೆವು. ನಡೆಯಲಿಲ್ಲ. ಇವರ ತಂದೆಯ ಆನೆ ಎಂದು ನನ್ನ ಗಂಡನನ್ನು ತೋರಿಸಿದೆವು. ಅದೂ ಇಲ್ಲ. ಮದುವೆ ಮನೆಯಲ್ಲಿ ಹೆಂಗಸರು ಒಡಪು ಕಟ್ಟಿ, ಅದರ ಕೊನೆಗೆ ಗಂಡನ ಹೆಸರು ಹೇಳುವುದಿದೆಯಲ್ಲ, ಹಾಗೆ ಹೇಳಿ ಎಂದು ಅತ್ತೆಯನ್ನು ಕೇಳಿಕೊಂಡೆ.

"ಯಾಕ, ನಂದೇನ್ ಈಗ ಮದಿವಿ ಆಗಾಕತ್ತದೇನು?" ಎಂದರು ಅತ್ತೆ.

ಕೊನೆಗೆ, ಆನೆಯ ಹೆಸರನ್ನೇ ಬದಲಿಸಿರಿ ಎಂದು ಅರ್ಜಿ ಹಾಕಿದೆ. ಸರಕಾರವೇ ರಾಜ್ಯದ ಹೆಸರು ಬದಲಿಸಿದೆ, ಒಂದು ಆನೆಯ ಹೆಸರು ಬದಲಿಸಲು ಆಗುವುದಿಲ್ಲವೇ?

"ಅದು ಸರಕಾರ," ಎಂದರು ಮಾವನವರು. "ಇದು ಆಟ. ಇದಕ್ಕ ಕಾಯ್ದೆ ಅದಾವ."

ಒಂದೇ ಉಪಾಯ ಉಳಿಯಿತು. ಒಂದು ಸಲ ಗೆದ್ದರೆ ನನ್ನದೇ ಒಂದು ಕಾಯ್ದೆ ಸೇರಿಸಬಹುದು. ಆನೆಯನ್ನು ಕರೆಯದೆ, ಬೆರಳು ತೋರಿಸಿ ನಡೆಸಬಹುದು ಎಂದು. ಆದರೆ ಗೆಲ್ಲಬೇಕಾದರೆ ಆ ಆನೆ ದಂಡೆಗೆ ಬರಬೇಕು. ಆನೆ ಬರಬೇಕಾದರೆ ಆ ಕಾಯ್ದೆ ಬೇಕು. ಕಾಯ್ದೆ ಬೇಕಾದರೆ ಗೆಲ್ಲಬೇಕು! ರೊಟ್ಟಿ ಬಡಿಯುವಾಗ, ಬಟ್ಟೆ ಒಗೆಯುವಾಗ, ಮಕ್ಕಳನ್ನು ಮಲಗಿಸುವಾಗ ನಾನು ಇದನ್ನೇ ಯೋಚಿಸಿದ್ದೇನೆ. ಒಂಬತ್ತು ವರ್ಷದಲ್ಲಿ ಒಮ್ಮೆಯೂ ಗೆಲ್ಲಲಿಲ್ಲ.

ಆದರೆ ಈ ಒಂಬತ್ತು ವರ್ಷದಲ್ಲಿ ಬೇರೇನೋ ನಡೆದಿತ್ತು, ನಾನು ಗಮನಿಸಿರಲಿಲ್ಲ. ಮೊದಲು ಅತ್ತೆಯ ಕಿವಿಯಲ್ಲಿ ಹೇಳುತ್ತಿದ್ದವಳು ಆಮೇಲೆ ಅತ್ತೆಗೆ ಕೇಳುವಷ್ಟು ಹೇಳಿದೆ. ಆಮೇಲೆ ಮಾವನವರಿಗೂ ಕೇಳುವಷ್ಟು. ಬಾಗಿಲ ಮರೆಯಿಂದ ಹೊಸ್ತಿಲಿಗೆ ಬಂದೆ. ಆಕಿಗಿ ಹೇಳು ಎನ್ನುತ್ತಿದ್ದವರು ಯಾವಾಗಲೋ ನನಗೇ ಯವ್ವಾ ಎನ್ನತೊಡಗಿದ್ದರು. ಇಷ್ಟು ಸಲೀಸಾಗಿ ಮಾವ ಸೊಸೆ ಮಾತಾಡುವ ಮನೆ ನಮ್ಮ ಓಣಿಯಲ್ಲಿ ಇನ್ನೊಂದಿರಲಿಲ್ಲ.

ಆ ಸೋಮವಾರ ನನ್ನ ಕುರಕುಂಟಾ, ಕೊಡ್ಲಿ ಎರಡೂ ಸತ್ತವು, ಹರಗೋಲು ಮುಳುಗಿತು ಎಂದೆನಲ್ಲ? ಅವನ್ನು ಕೊಲ್ಲುವ ಉತ್ಸಾಹದಲ್ಲಿ ಮಾವನವರ ರಾಜ ತಾನೇ ಮಡುವಿಗೆ ಇಳಿದಿದ್ದ. ನಾನು ನೋಡಿದೆ. ಅವರೂ ನೋಡಿದರು. ನನ್ನ ದೊಡ್ಡ ಆನೆ ಎದ್ದು ದಂಡೆಗೆ ಬಂದರೆ ಆಟ ಮುಗಿಯಿತು.

"ಕರಿ ಯವ್ವಾ," ಎಂದರು. "ಆಟದಾಗ ಕರದ್ರ ಏನೂ ತಪ್ಪಿಲ್ಲ. ನಾನೇ ಹೇಳಾಕತ್ತೀನಲ್ಲ."

ನಾನು ಸೆರಗು ಎಳೆದುಕೊಂಡೆ.

"ನಾಳಿ ಕರೀತೀನ್ರಿ ಮಾವಾರ," ಎಂದೆ.

"ನಾಳಿ ಅಂದ್ರ ನಾಳಿ. ಗೆಜ್ಜಿ ನನ್ನ ಬಲ್ಲಿ ಇರ್ತದ."

ಗೆಜ್ಜೆಯನ್ನು ಅಂಗಿಯ ಕಿಸೆಗೆ ಹಾಕಿಕೊಂಡು ಹೋದರು. ಅವರು ಓಣಿ ದಾಟುವ ತನಕ ಅದರ ಸಪ್ಪಳ ಕೇಳಿಸಿತು.

ಸಂಜೆ ಸ್ಟೇಷನ್ನಿನಿಂದ ಪೋರ್ಟರ್ ಬಂದ. ಮಾವನವರು ಪ್ಯಾಸೆಂಜರ್ ಗಾಡಿಗೆ ಹಸಿರು ಬಾವುಟ ತೋರಿಸಿ, ಅದು ದಾಟಿದ ಮೇಲೆ ಬೆಂಚಿನ ಮೇಲೆ ಕೂತರಂತೆ. ಮತ್ತೆ ಏಳಲಿಲ್ಲ. ಕನ್ನಡಕ, ಬುತ್ತಿಯ ಡಬ್ಬಿ, ಗೆಜ್ಜೆ ಒಂದು ವಸ್ತ್ರದಲ್ಲಿ ಕಟ್ಟಿ ತಂದುಕೊಟ್ಟ.

ಕಲ್ಲಿನ ಮೇಲಿನ ಕಾಳುಗಳನ್ನು ಯಾರೂ ಸರಿಸಲಿಲ್ಲ. ಬಂದುಹೋದವರೆಲ್ಲ ಅದನ್ನು ದಾಟಿ ನಡೆದರು. ನೆಂಟರು ಮರಳಿ ಹೋದ ಮೇಲೆ ಒಂದು ಮಧ್ಯಾಹ್ನ ಅತ್ತೆ ಆ ವಸ್ತ್ರದ ಗಂಟು ಬಿಚ್ಚಿ, ಹೊಸ್ತಿಲಿನ ಆಚೆ, ಮಾವನವರು ಕೂರುವಲ್ಲಿ ಹೋಗಿ ಕೂತರು. ಗೆಜ್ಜೆಯನ್ನು ನನ್ನ ಕೋಟೆಯ ಮುಂದೆ ಇಟ್ಟರು.

"ದಾರಿ ಖುಲ್ಲಾ ಅದ," ಎಂದರು. "ಕರಿ."

"ನಾ ಹ್ಯಾಂಗ ಕರೀಲ್ರಿ ಅತ್ತಿ? ನೀವ ಕರೀರಿ."

ಅತ್ತೆ ಆನೆಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದರು. ಆಮೇಲೆ ಸಣ್ಣ ದನಿಯಲ್ಲಿ, ಮದುವೆ ಮನೆಯಲ್ಲಿ ಹೇಳುವ ಹಾಗೆಯೇ, ಒಡಪು ಹಿಡಿದರು.

"ಕಾಗಿಣಾ ದಂಡಿಗಿ ಹರಗೋಲು ಸಾಲ, ಹಸರ ಬಾವುಟ ಹಿಡದು ಬಂದವರು..."

ಅಲ್ಲಿಗೆ ನಿಂತರು. ನಾನು ಕಾದೆ. ಅಡಿಗೆಮನೆಯಲ್ಲಿ ಹಾಲು ಉಕ್ಕಿ ಒಲೆಗೆ ಬಿತ್ತು, ಇಬ್ಬರೂ ಏಳಲಿಲ್ಲ.

ಇದಾಗಿ ಎರಡು ವರ್ಷವಾಯಿತು. ರಾಜ ಮಡುವಿನಲ್ಲಿದ್ದಾನೆ, ಆನೆ ಕೋಟೆಯಲ್ಲಿದೆ, ಗೆಜ್ಜೆ ಮುಂದಿದೆ. ಒಡಪಿನ ಕೊನೆಯ ಹೆಸರು ಮಾತ್ರ ಇನ್ನೂ ಬಂದಿಲ್ಲ.