ಸಂಕದ ಸುದ್ದಿ ಕೊಟ್ಟವರು ಯಾರು?

ಅನುಮಾನ ನನಗೆ ಹುಟ್ಟುಗುಣವಲ್ಲ, ಪಂಚಾಯ್ತಿ ಮೆಂಬರ್ ಆದ ಮೇಲೆ ಅಂಟಿಕೊಂಡದ್ದು. ಯಾರಾದರೂ ನಕ್ಕು ನಮಸ್ಕಾರ ಮಾಡಿದರೆ ಇವನಿಗೆ ಏನೋ ಕೆಲಸ ಆಗಬೇಕು ಅನ್ನಿಸುತ್ತದೆ. ಮಾಡದಿದ್ದರೆ ಎದುರು ಪಾರ್ಟಿ ಸೇರಿದ ಅನ್ನಿಸುತ್ತದೆ. ದೊಡ್ಡ ಪತ್ರಿಕೆಗಳ ಭಯ ನನಗಿಲ್ಲ. ನಿಟ್ಟೂರಿನಾಚೆಯ ನಮ್ಮೂರು ಅವುಗಳ ಕಣ್ಣಿಗೆ ಬೀಳಬೇಕಾದರೆ ಮೊದಲು ಕಾಡುಕೋಣವೊಂದು ಬಾವಿಗೆ ಬೀಳಬೇಕು. ನನ್ನ ನೆಮ್ಮದಿ ಕೆಡಿಸಿದವನು ಹೊಸನಗರದ ಸತೀಶ. ಒಂದು ಬೈಕು, ಒಂದು ಮೊಬೈಲು, ಇಷ್ಟೇ ಅವನ ಸುದ್ದಿ ಚಾನೆಲ್ಲು. ಆದರೆ ತೀರ್ಥಹಳ್ಳಿಯಿಂದ ಸಾಗರದವರೆಗೆ ಜನ ಊಟ ಬಿಟ್ಟು ಅದನ್ನು ನೋಡುತ್ತಾರೆ.

ಮೊನ್ನೆ ಅದರಲ್ಲಿ ನಮ್ಮೂರ ಕಾಲುಸಂಕ ಬಂತು. ಹಳ್ಳ ದಾಟಲು ಪ್ರತಿವರ್ಷ ಮಳೆಗಾಲಕ್ಕೆ ಮೊದಲು ಊರವರೇ ಸೇರಿ ಅಡಿಕೆ ಮರ ಸೀಳಿದ ದಬ್ಬೆ ಹಾಸುವ ಸಂಕ ಅದು. ಈ ಸಲ ಮೆಂಬರು ಸಿಮೆಂಟಿನದು ಮಾಡಿಸುತ್ತೇನೆ ಅಂದನಲ್ಲ, ಯಾರೂ ದಬ್ಬೆ ಹಾಸಲಿಲ್ಲ. ಮೆಂಬರು ಅಂದರೆ ನಾನೇ. ಸಿಮೆಂಟು ಬರಲಿಲ್ಲ, ಹಳೇ ದಬ್ಬೆ ಕೊಳೆತು ಲಡ್ಡು ಹಿಡಿದಿತ್ತು. ವಿಡಿಯೋದಲ್ಲಿ ಹಾಲಿನ ಕ್ಯಾನು ಹಿಡಿದು ತಡವರಿಸುತ್ತಾ ದಾಟುವ ಹೆಂಗಸೊಬ್ಬಳ ಕಾಲುಗಳು ಮಾತ್ರ. ಹಿನ್ನೆಲೆಯಲ್ಲಿ, ಇವಳು ಬಿದ್ದ ಮೇಲೆ ಮೆಂಬರ್ ಬರುತ್ತಾರಾ ಎಂಬ ಸತೀಶನ ಪ್ರಶ್ನೆ. ನನಗೆ ಮೈಯೆಲ್ಲ ಉರಿದುಹೋಯಿತು. ಇದು ಎಲೆಕ್ಷನ್ನಿನಲ್ಲಿ ಸೋತ ರಾಮಪ್ಪನದೇ ಕಿತಾಪತಿ ಅಂದುಕೊಂಡೆ. ಹೋಟೆಲಿನ ನಾಗರಾಜ ಚಹಾಕ್ಕೆ ಸಕ್ಕರೆ ಕಡಿಮೆ ಹಾಕಿದ್ದೂ ಸಾಕ್ಷಿಯಂತೆ ಕಂಡಿತು. ಸತೀಶನಿಗೆ ಫೋನ್ ಮಾಡಿ ಗದರಿದೆ, ಆಮೇಲೆ ಗೋಗರೆದೆ. ಸುದ್ದಿ ಕೊಟ್ಟವರ ಹೆಸರು ಹೇಳಿದರೆ ನಾಳೆ ನನಗೆ ಸುದ್ದಿ ಕೊಡುವವರು ಯಾರು ಎಂದು ಅವನು ಫೋನಿಟ್ಟ.

ಊಟಕ್ಕೆ ಕೂತು ಮತ್ತೊಮ್ಮೆ ವಿಡಿಯೋ ನೋಡಿದೆ. ತುತ್ತು ತಟ್ಟೆಗೆ ಬಿಟ್ಟು ವಿಡಿಯೋ ನಿಲ್ಲಿಸಿದೆ. ಆ ಕಾಲಿನ ಹಸಿರು ಚಪ್ಪಲಿ ನಾನೇ ಸಾಗರದಿಂದ ತಂದದ್ದು! ಹೆಂಡತಿ ಶಾರದೆ ಏನೂ ಆಗದವಳಂತೆ ಸಾರು ಬಡಿಸುತ್ತಿದ್ದಳು. ಮನೆಯಲ್ಲೇ ಹೇಳಬಹುದಿತ್ತಲ್ಲ ಮಾರಾಯ್ತಿ, ಅಂದೆ.

"ದೀಪಾವಳಿಯಿಂದ ಹೇಳ್ತಾನೇ ಇದೀನಿ. ಹ್ಞೂಂ ಹ್ಞೂಂ ಅಂತ ಮೊಬೈಲ್ ನೋಡ್ತಿದ್ರಿ. ಅದಕ್ಕೇ ಮೊಬೈಲಿಗೇ ಹಾಕ್ಸಿದೆ."

ದಿನಾ ಅದೇ ಸಂಕದ ಮೇಲೆ ಡೈರಿಗೆ ಹೋಗುವವಳು ಅವಳು. ನಾಚಿಕೆಗಿಂತ ಹೆಚ್ಚು ಹೆದರಿಕೆಯಾಯಿತು. ಬೆಳಗಾಗುತ್ತಲೇ ರಾಮಪ್ಪನ ಕೈಕಾಲು ಹಿಡಿದು, ಜನ ಸೇರಿಸಿ, ಹೊಸ ದಬ್ಬೆ ಹಾಸಿಸಿದೆ. ಇದನ್ನೂ ಹಾಕಪ್ಪ ಎಂದು ಸತೀಶನನ್ನು ಕರೆದರೆ ಅವನು ಮೊಬೈಲನ್ನು ನನ್ನ ಕಡೆ ತಿರುಗಿಸಲೇ ಇಲ್ಲ.

"ಅಕ್ಕ ದಾಟ್ಲಿ, ತೆಗೀತೀನಿ. ಗಟ್ಟಿ ಇದೆ ಅಂತ ನೀವು ಹೇಳಿದ್ರೆ ಜನ ನಂಬಲ್ಲ ಅಣ್ಣ."

ಶಾರದೆ ಕ್ಯಾನು ಹಿಡಿದು ಸಂಕಕ್ಕೆ ಕಾಲಿಟ್ಟಳು. ಅವಳು ಆಚೆ ದಡ ಮುಟ್ಟುವವರೆಗೆ ನಾನು ಉಸಿರು ಬಿಗಿಹಿಡಿದು ನಿಂತಿದ್ದೆ. ಮೆಂಬರನ ಮಾತನ್ನು ನಾನೂ ನಂಬಿರಲಿಲ್ಲ.