ಸಾಹೇಬರು ತಮ್ಮ ಮನೆಗೆ ತಾವೇ ಕೊಟ್ಟ ನೋಟಿಸು

ತನ್ನ ಮನೆಗೆ ತಾನೇ ನೋಟಿಸು ಬರೆದು, ಅದನ್ನು ತಾನೇ ಸಹಿ ಮಾಡಿ ತೆಗೆದುಕೊಂಡು, ಏಳು ದಿನ ಕಾದು, ಎಂಟನೆಯ ದಿನ ‘ಈ ಮನೆಯವನು ಉತ್ತರವನ್ನೇ ಕೊಡಲಿಲ್ಲವಲ್ಲ’ ಎಂದು ಸಿಟ್ಟಾದ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡುವುದೇನು ಬಂತು, ಆ ಮನುಷ್ಯನ ಕೈಕೆಳಗೆ ಹತ್ತೊಂಬತ್ತು ವರ್ಷ ಅಳತೆಯ ಟೇಪಿನ ತುದಿ ಹಿಡಿದಿದ್ದೇನೆ!

ಸಾಹೇಬರ ಕೆಲಸ ಕಟ್ಟಡಗಳ ತಪಾಸಣೆ. ಯಾರ ಗೋಡೆ ಓಣಿಗೆ ಬಂದಿದೆ, ಯಾರ ಪಾವಟಣಿಗೆಯ ಮೆಟ್ಟಿಲು ಗಟಾರದ ಮೇಲೆ ಕುಳಿತಿದೆ, ಯಾರು ಒಂದಂತಸ್ತಿಗೆ ಪರವಾನಗಿ ಪಡೆದು ಎರಡು ಏರಿಸಿದ್ದಾರೆ ಎಂದು ನೋಡಿ ನೋಟಿಸು ಕೊಡುವುದು. ನಾನು ಎಸ್ಸೆಸ್ಸೆಲ್ಸಿ ಪಾಸಾದ ಜವಾನ. ಯಾವ ಆಫೀಸು ಎಂದು ಕೇಳಬೇಡಿ. ರಾಯಚೂರು, ಮಾನ್ವಿ, ದೇವದುರ್ಗ ಮೂರೂ ಊರಿನ ಓಣಿಗಳು ನನ್ನ ಚಪ್ಪಲಿಗೆ ಗೊತ್ತು. ಸಾಹೇಬರ ಹೆಸರನ್ನೂ ಕೇಳಬೇಡಿ. ಈ ಬರಹ ಅವರ ಕೈಗೆ ಸಿಕ್ಕರೆ ಹಾಳೆಯ ಅಂಚಿನಿಂದ ಅಕ್ಷರವನ್ನು ಎಷ್ಟು ದೂರ ಬಿಟ್ಟಿದ್ದಾನೆ ಎಂದು ಮೊದಲು ಅದನ್ನೇ ಅಳೆಯುತ್ತಾರೆ.

ಒಮ್ಮೆ ಗಿಲ್ಲೆಸುಗೂರಿಗೆ ಪರಿಚಯದವರ ಮದುವೆಗೆ ಹೋಗಿದ್ದೆವು. ಎಲ್ಲರೂ ಮದುಮಕ್ಕಳನ್ನು ನೋಡುತ್ತಿದ್ದರೆ ಸಾಹೇಬರು ಹಂದರದ ಕಂಬ ನೋಡುತ್ತಿದ್ದರು. ಹೆಜ್ಜೆ ಹಾಕಿ ರಸ್ತೆ ಅಳೆದು, ಬಸ್ಸು ಹಾಯುವುದಿಲ್ಲ, ಕಂಬ ಸರಿಸಿ ಎಂದು ಹೆಣ್ಣಿನ ತಂದೆಗೆ ಹೇಳಿಯೇಬಿಟ್ಟರು. ಅವರು ಮೊದಲು ಊಟ ಮಾಡಿ ಎಂದರು. ಇವರು ಮೊದಲು ಕಂಬ ಎಂದರು. ಇದು ನಮ್ಮ ಊರಿನ ಹದ್ದಲ್ಲ ಎಂದು ನಾನು ಕಿವಿಯಲ್ಲಿ ಹೇಳಿದೆ.

“ಬಸ್ಸಿಗಿ ಹದ್ದು ಎಲ್ಲಿ ಗೊತ್ತಿರ್ತದಪಾ?” ಎಂದರು.

ಕಂಬ ಸರಿಸಿದರು. ಸರಿಸಿದ ಕೂಡಲೇ ಹಂದರದ ಒಂದು ಮೂಲೆ ಕುಸಿದು ಅಡುಗೆಯವರ ಮೇಲೆ ಬಿತ್ತು. ಬಟ್ಟೆಯ ಕೆಳಗಿಂದ ನಾಲ್ಕು ತಲೆಗಳು ಬೈಯುತ್ತಾ ಹೊರಬರುವ ಹೊತ್ತಿಗೆ ರಾಯಚೂರಿನ ಬಸ್ಸು ಸಲೀಸಾಗಿ ಬಂದು ನಿಂತಿತು. ಇಳಿದವರು ಯಾರು ಗೊತ್ತೇ? ಮದುವೆ ಮಾಡಿಸಬೇಕಾಗಿದ್ದ ಅಯ್ಯನವರು! ಆ ದಿನ ಬೀಗರಿಗಿಂತ ಮೊದಲು ಸಾಹೇಬರ ಎಲೆಗೆ ಹೋಳಿಗೆ ಬಿತ್ತು.

ಒಡೆಸುವುದೊಂದೇ ಅವರಿಗೆ ಗೊತ್ತಿತ್ತು ಎಂದುಕೊಳ್ಳಬೇಡಿ. ಮಾನ್ವಿಯಲ್ಲಿ ಒಬ್ಬ ಚಾಚಾ, ಕಿರಾಣಿ ಅಂಗಡಿಯವರು. ಅಂಗಡಿಯ ಪಾವಟಣಿಗೆ ಪೂರಾ ಗಟಾರದ ಮೇಲಿತ್ತು. ನೋಟಿಸು ಓದಿ ಚಾಚಾ ಕನ್ನಡಕ ತೆಗೆದರು.

“ಸಾಬ್, ಇದು ತಗದ್ರ ಗಿರಾಕಿ ಹಾರಿ ಬರಬೇಕೇನ್ರಿ? ನನ್ನ ಗಿರಾಕಿ ಎಲ್ಲಾ ಮುದುಕ್ರು ಅದಾರ.”

ಸಾಹೇಬರು ಅಲ್ಲಿಯೇ ನೋಟಿಸಿನ ಬೆನ್ನಿಗೆ ಚಿತ್ರ ಬರೆದರು. ಕಟ್ಟಿಗೆಯ ಪಾವಟಣಿಗೆ, ಅದಕ್ಕೆ ತಿರುಗಣಿ, ಹಗ್ಗ. ಅಂಗಡಿ ತೆರೆದಾಗ ಇಳಿಸುವುದು, ಮುಚ್ಚಿದಾಗ ಎತ್ತುವುದು. ಬಡಿಗನನ್ನು ಹುಡುಕಿ ಕೊಟ್ಟವರೂ ಅವರೇ. ಮೊದಲ ಸಂಜೆ ಚಾಚಾ ಸಂತೋಷದಿಂದ ಹಗ್ಗ ಎಳೆದು, ಬಾಗಿಲು ಹಾಕಿ, ಬೀಗ ಜಡಿದು ಮನೆಗೆ ಹೊರಟರು. ಸಾಹೇಬರು ಒಳಗೇ ಇದ್ದರು, ತಿರುಗಣಿ ಅಳೆಯುತ್ತಾ! ಆಮೇಲೆ ದಿನಾ ಬಾಗಿಲು ಹಾಕುವ ಮುಂಚೆ ಚಾಚಾ “ಸಾಬ್ ಅಂದರ್ ಹೈ ಕ್ಯಾ?” ಎಂದು ಒಮ್ಮೆ ಕೂಗುತ್ತಿದ್ದರಂತೆ, ಸಾಹೇಬರಿಗೆ ವರ್ಗವಾದ ಮೇಲೂ.

ತಪಾಸಣೆಗೆ ಹೋದ ಮನೆಯಲ್ಲಿ ಅವರು ನೀರೂ ಕುಡಿಯುತ್ತಿರಲಿಲ್ಲ. ಬಂದ ಚಹಾ ವ್ಯರ್ಥವಾಗಬಾರದಲ್ಲ, ಎರಡೂ ಕಪ್ಪು ನಾನೇ ಕುಡಿಯುತ್ತಿದ್ದೆ. ಚಹಾ ಒಳಗೆ ಹೋದ ಮೇಲೆ ಟೇಪಿನ ತುದಿ ಒಂದು ಗೇಣು ನನ್ನ ಮುಷ್ಟಿಯೊಳಗೆ ಸರಿದರೆ ಓಣಿ ಒಂದು ಗೇಣು ಅಗಲವಾಗುತ್ತಿತ್ತು, ಮನೆಯವರ ಗೋಡೆ ಉಳಿಯುತ್ತಿತ್ತು. ಇದು ನನ್ನ ಸಣ್ಣ ತಪ್ಪು. ದೊಡ್ಡದು ಮುಂದಿದೆ.

ದೇವದುರ್ಗದಲ್ಲಿ ನನ್ನ ಸ್ವಂತ ಮನೆ. ಅದರ ಬಚ್ಚಲ ಗೋಡೆ ಓಣಿಗೆ ಮುಕ್ಕಾಲು ಅಡಿ ಬಂದಿತ್ತು. ಸಾಹೇಬರು ಅದನ್ನೂ ಬಿಡಲಿಲ್ಲ. ನಾನು ಎಂದಿನಂತೆ ತುದಿ ಹಿಡಿಯಲು ಹೋದರೆ, ಯಾರ ಮನೆಯೋ ಅವರು ಅಳೆಯಬಾರದು ಎಂದು ನನ್ನನ್ನು ದೂರ ನಿಲ್ಲಿಸಿ ಪಕ್ಕದ ಮನೆಯವನ ಕೈಗೆ ಟೇಪು ಕೊಟ್ಟರು. ಗೋಡೆ ಬಿತ್ತು. ಹೊಸ ಗೋಡೆ ಏಳುವವರೆಗೆ ನನ್ನ ಹೆಂಡತಿ ಸೀರೆಯ ಮರೆ ಕಟ್ಟಿಕೊಂಡು ಸ್ನಾನ ಮಾಡಬೇಕಾಯಿತು. ಅವಳು ಬೈದದ್ದು ಸಾಹೇಬರನ್ನಲ್ಲ, ನನ್ನನ್ನು. ಆ ಸಿಟ್ಟನ್ನು ನಾನು ಜೋಪಾನವಾಗಿ ಇಟ್ಟುಕೊಂಡೆ.

ಒಂದು ಭಾನುವಾರ ಸಾಹೇಬರು ರಾಯಚೂರಿನ ತಮ್ಮ ಮನೆಗೆ ನನ್ನನ್ನು ಕರೆದರು. ಊರವರದೆಲ್ಲ ಅಳೆದೆವು, ನಮ್ಮದೂ ಆಗಬೇಕು ಎಂದರು. ಆ ಮನೆಯ ಮುಂದೆ ಒಂದು ಕಲ್ಲಿನ ಕಟ್ಟೆ. ಅವರ ಹೆಂಡತಿಗೆ, ಅಂದರೆ ನಮ್ಮ ಅಮ್ಮನವರಿಗೆ, ಮೊಣಕಾಲು ನೋವು. ಬಾಗಿಲಿಂದ ಕಟ್ಟೆಯವರೆಗೆ ನಾಲ್ಕು ಹೆಜ್ಜೆ, ಅಷ್ಟೇ ಅವರ ತಿರುಗಾಟ. ಸಂಜೆಯಾದರೆ ಓಣಿಯ ಹೆಂಗಸರೆಲ್ಲ ಅಲ್ಲಿ. ಅಕ್ಕಿ ಆರಿಸುವುದು, ಹೂ ಕಟ್ಟುವುದು, ಸೊಸೆಯರನ್ನು ಹರಿದು ಒಣಹಾಕುವುದು, ಎಲ್ಲಾ ಆ ಕಟ್ಟೆಯ ಮೇಲೆಯೇ.

ತಮ್ಮ ನಿಯಮದಂತೆ ಸಾಹೇಬರು ಕಟ್ಟೆಯ ಅಂಚಿಗೆ ಟೇಪಿನ ತುದಿ ಹಿಡಿದರು, ಅಳತೆ ಓದುವುದನ್ನು ನನಗೆ ಬಿಟ್ಟರು. ನಕ್ಷೆಯಲ್ಲಿ ಆ ಓಣಿ ಹನ್ನೆರಡು ಅಡಿ. ಟೇಪಿನ ಮೇಲೆ ಹನ್ನೆರಡು ಅಡಿ ಎರಡು ಇಂಚು. ನಾನು ಓದಿದ್ದು ಹನ್ನೊಂದೂಕಾಲು. ನನ್ನ ಬಚ್ಚಲಿಗೆ ಸರಿಯಾಗಿ ಮುಕ್ಕಾಲು ಅಡಿ! ‘ಮತ್ತೊಮ್ಮೆ ನೋಡು’ ಎನ್ನುತ್ತಾರೆ, ಆಗ ನಕ್ಕು ಖರೆ ಹೇಳೋಣ ಎಂದುಕೊಂಡಿದ್ದೆ. ಅವರು ಅನ್ನಲಿಲ್ಲ. ತಮ್ಮ ಮನೆಯನ್ನು ಎರಡು ಸಲ ಅಳೆದರೆ ಆಸೆಯಾದೀತು ಎಂದು ಅವರಿಗೆ ಅಂಜಿಕೆ. ಟೇಪು ಸುತ್ತಿ ಒಳಗೆ ಹೋಗಿ ನೋಟಿಸು ಬರೆದರು.

ಅಮ್ಮನವರು ಅದನ್ನು ಓದಿದರು.

“ಇದರ ಮ್ಯಾಲೆ ಅಪೀಲು ಯಾರ ಹತ್ರ ಹಾಕಬೇಕ್ರಿ?”

“ಮದಲ ನನ್ನ ಹತ್ರ.”

“ಹಂಗಾರ ಹಾಕೀನಿ ನೋಡ್ರಿ. ಇವತ್ತಿನಿಂದ ರೊಟ್ಟಿ ಇಲ್ಲ.”

ಏಳು ದಿನ ಸಾಹೇಬರು ಆಫೀಸಿನಲ್ಲಿ ಮಂಡಕ್ಕಿ, ಬಾಳೆಹಣ್ಣು ತಿಂದರು. ನಾನು ಎದುರಿಗೇ ಕುಳಿತು ನನ್ನ ಬುತ್ತಿ ಉಂಡೆ. ಎಂಟನೆಯ ದಿನ, ನೋಟಿಸಿಗೆ ಉತ್ತರವೇ ಬರಲಿಲ್ಲವಲ್ಲ ಎಂದು ಸಿಟ್ಟಾಗಿ, ಅವರೇ ಹಾರೆ ಹಿಡಿದು ಕಟ್ಟೆ ಕಿತ್ತರು. ಕಲ್ಲು ಹೊತ್ತವನು ನಾನು. ಆಗಲೂ ಬಾಯಿ ಬಿಡಲಿಲ್ಲ. ಕಟ್ಟೆ ಬಿದ್ದ ಮೇಲೆ ಹೇಳಿ ಏನು ಪ್ರಯೋಜನ ಎಂದು ನನಗೆ ನಾನೇ ಹೇಳಿಕೊಂಡೆ. ಹೀಗೇ ಆರು ವರ್ಷ ಹೇಳಿಕೊಂಡೆ. ಇಬ್ಬರೂ ನಿವೃತ್ತರಾದೆವು.

ಹೋದ ತಿಂಗಳು ರಾಯಚೂರಿಗೆ ಹೋದವನು ಅವರ ಓಣಿ ಹಾದೆ. ಅಮ್ಮನವರು ಒಳಗಿನಿಂದ ಕಿಟಕಿಯ ಸರಳಿನ ಸಂದಿಯಲ್ಲಿ ಕೈ ಹೊರಗೆ ಹಾಕಿ, ಕಾಯಿಪಲ್ಯದವಳ ಸೆರಗು ಹಿಡಿದು ಮಾತಾಡಿಸುತ್ತಿದ್ದರು. ಅವಳು ಹೊತ್ತಾಯಿತು ಬಿಡವ್ವಾ ಅನ್ನುತ್ತಿದ್ದಳು. ಇವರು ಬಿಡುತ್ತಿರಲಿಲ್ಲ.

ನನಗೆ ಮುಂದೆ ಹೋಗಲು ಆಗಲಿಲ್ಲ. ಒಳಗೆ ಹೋಗಿ ಸಾಹೇಬರ ಮುಂದೆ ನೆಲಕ್ಕೆ ಕುಳಿತು ಎಲ್ಲಾ ಹೇಳಿದೆ. ಬಚ್ಚಲ ಗೋಡೆ, ಹನ್ನೆರಡು ಅಡಿ ಎರಡು ಇಂಚು, ಎಲ್ಲಾ. ಬೈಯಲಿ, ಎರಡು ಬಡಿಯಲಿ ಎಂದು ತಲೆ ಬಗ್ಗಿಸಿದೆ. ಸಾಹೇಬರ ಮುಖ ಬೆಳ್ಳಗಾಯಿತು. ಮೊದಲು ಕೇಳಿದ್ದು ಇದನ್ನು.

“ಮತ್ತ ಯಾರ್ಯಾರ ಮನಿ ಹಿಂಗ ಓದೀದಿ?”

“ಯಾರದೂ ಇಲ್ರಿ ಸಾಹೇಬ್ರ. ಉಳದವ್ರಿಗೆಲ್ಲ ಗ್ವಾಡಿ ಉಳಿಯುವಂಗ ಟೇಪು ಹಿಡದೀನಿ. ನನ್ನ ಮಕ್ಕಳಾಣಿ.”

“ಹಂಗಾರ ಸುಳ್ಳ ಒಡದದ್ದು ನಮ್ಮದೊಂದ ಏನು?”

“ಹೌದ್ರಿ.”

“ಚಲೋ ಆತು,” ಎಂದರು. “ಚಲೋ ಆತು ಬಿಡಪಾ.” ಅಂದು ಹೆಗಲ ಮೇಲಿನ ಟವೆಲಿನಿಂದ ಮುಖ ಮುಚ್ಚಿಕೊಂಡರು.

ಅಮ್ಮನವರು ಕಿಟಕಿ ಬಿಟ್ಟು ಗೋಡೆ ಹಿಡಿದುಕೊಂಡು ಬಂದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ನಾನು ಕಾಲು ಮುಟ್ಟಲು ಹೋದೆ, ಅವರು ನನ್ನ ಕಡೆ ನೋಡಲಿಲ್ಲ. ನನ್ನೆದುರಿಗೇ ಸಾಹೇಬರ ತಲೆಯ ಮೇಲೆ ಕೈ ಇಟ್ಟು ನಿಂತರು.

“ಆರು ವರ್ಷ ಇವರನ್ನ ಬೈದೀನಿ,” ಎಂದರು ನನಗೆ. “ಅದನ್ನ ಹೆಂಗ ತಿರುಗಿ ಕೊಡ್ತಿ ನೀನು?”

ಕಟ್ಟೆ ಮತ್ತೆ ಕಟ್ಟಿಸಲು ನಾಳೆಯೇ ಗೌಂಡಿಯನ್ನು ಕರೆತರುತ್ತೇನೆ ಎಂದೆ.

“ಗೌಂಡಿ ನಾಳೆ ಬರಲಿ. ಇವತ್ತು ಹೊರಗ ಕುರ್ಚಿ ಹಾಕು.”

ಮೂರು ಕುರ್ಚಿ ತಂದು ಓಣಿಯಲ್ಲಿ ಹಾಕಿದೆ. ಅಮ್ಮನವರನ್ನು ಕೈಹಿಡಿದು ಕರೆತಂದು ಕೂರಿಸಿದೆವು. ಅವರು, ಇನ್ನೂ ಸ್ವಲ್ಪ ಮುಂದೆ, ಓಣಿಯ ಆ ತುದಿ ಕಾಣುವಂತೆ ಹಾಕು ಎಂದರು. ನಾನು ಅಂಜುತ್ತಲೇ ಕುರ್ಚಿಯನ್ನು ನಡು ಓಣಿಗೆ ಎಳೆದೆ. ಒಂದು ಆಟೋ ಬಂದು ಹಾಯಲು ಜಾಗವಿಲ್ಲದೆ ಹಾರ್ನ್ ಹೊಡೆಯಿತು.

ಸಾಹೇಬರು ತಮ್ಮ ಕುರ್ಚಿಯನ್ನೂ ಎಳೆದುಕೊಂಡು ಬಂದು ಅವರ ಪಕ್ಕಕ್ಕೆ ಕುಳಿತರು. ಆಟೋದವನಿಗೆ, ಸುತ್ತು ಹಾಕಿ ಹೋಗು ಎಂದು ಕೈ ಮಾಡಿದರು.