ಎಲ್ಲರಿಗೂ ಒಪ್ಪಿದ ವಾರ

ವಾರಕ್ಕೆ ಏಳು ದಿನ ಎಂದು ಶಾಲೆಯಲ್ಲಿ ಕಲಿಸುತ್ತಾರೆ. ಕಲಿಸುವವರು ಎಂದೂ ಸೇತುವೆ ಕಟ್ಟಿಸಿದವರಲ್ಲ. ನಾನು ಕಟ್ಟಿಸಿದ್ದೇನೆ, ಅಂದರೆ, ಕಟ್ಟುವವರನ್ನು ಒಂದೆಡೆ ಕೂಡಿಸಲು ದಿನಾಲು ಸೈಕಲ್ಲು ತುಳಿದಿದ್ದೇನೆ. ನನ್ನ ಅನುಭವದಲ್ಲಿ ವಾರವೆಂಬುದು ಒಬ್ಬೊಬ್ಬರಿಗೆ ಒಂದೊಂದು ಅಳತೆಯದು.

ಇದು ಮಹಾಯುದ್ಧಕ್ಕೆ ಮೊದಲಿನ ಮಾತು. ಬಂಕಾಪುರದಿಂದ ಹಾನಗಲ್ಲಿಗೆ ಹೋಗುವ ದಾರಿಯ ಹಳ್ಳಕ್ಕೆ ಕಲ್ಲಿನ ಕಮಾನು ಕಟ್ಟುವ ಕೆಲಸವನ್ನು ನಮ್ಮ ಗುತ್ತೇದಾರರು ಹಿಡಿದಿದ್ದರು. ನಾನು ಅವರ ಕಾರಕೂನ. ಕಮಾನಿನ ಕೆಳಗೆ ಕಟ್ಟಿಗೆಯ ಆಸರೆ ನಿಂತಾಗಿತ್ತು. ಮುಂಗಾರಿನ ಮಿರಗದ ಮಳೆಗೆ ಹಳ್ಳ ಬಂದರೆ ಆಸರೆ ತೇಲಿಹೋಗುತ್ತದೆ, ಅದರ ಬೆನ್ನಿಗೆ ನನ್ನ ನೌಕರಿಯೂ ಹೋಗುತ್ತದೆ. "ಮಳಿಗಿಂತ ಮೊದಲ ಕಮಾನ ಕೂಡಬೇಕ್ರಿ. ಕೂಡ್ಲಿಲ್ಲಂದ್ರ ನೀವು ನಮ್ಮ ಕಡೆ ಬರೂದ ಬ್ಯಾಡ" ಎಂದು ಗುತ್ತೇದಾರರು ನಗುತ್ತಲೇ ಹೇಳಿದ್ದರು. ಆ ನಗು ನನಗೆ ಒಂದಿಷ್ಟೂ ಸೇರಲಿಲ್ಲ.

ಸವಣೂರಿನ ಗೌಂಡಿ ಹುಸೇನಸಾಬರು ಮೇಲೆ ಕಲ್ಲು ಕೂಡಿಸುವಾಗ ಶಿಗ್ಗಾವಿಯ ಬಡಿಗ ಕಾಳಪ್ಪ ಕೆಳಗೆ ನಿಂತು ಆಸರೆಯ ಬೆಣೆ ಬಿಗಿಮಾಡುತ್ತಿರಬೇಕು. ಇಬ್ಬರೂ ಒಟ್ಟಿಗೆ ಬೇಕು. ಆದರೆ ಕಾಳಪ್ಪ, "ಗೌಂಡ್ಯಾರು ಬರ್ಲಿ, ಹಿಂದಿಂದ ಬರ್ತೇನಿ" ಎನ್ನುವನು. ಹುಸೇನಸಾಬರು, "ಬಡಿಗ್ಯಾ ಬಂದಾನೇನ್ರಿ? ಸುಮ್ಮನ ಬಂದು ನೆರಳಾಗ ಕುಂಡ್ರೂದು ಯಾಕ?" ಎನ್ನುವರು. ಎತ್ತು ಏರಿಗೆ, ಕೋಣ ನೀರಿಗೆ.

ನಾನು ಸಿಟ್ಟಾಗಲಿಲ್ಲ. ನನಗೆ ಕುತೂಹಲ ಹೆಚ್ಚು. ಯಾರಿಗೆ ಯಾವ ದಿನ ಆಗದು, ಯಾಕೆ ಆಗದು ಎಂದು ವಿಚಾರಿಸುತ್ತ ಹೋದೆ. ಶುಕ್ರವಾರ ಹುಸೇನಸಾಬರ ನಮಾಜಿನ ದಿನ. ಅಮಾವಾಸ್ಯೆಗೆ ಕಾಳಪ್ಪ ಉಳಿ ಮುಟ್ಟುವುದಿಲ್ಲ. ಉಳಿಗೂ ಒಂದು ದಿನ ವಿಶ್ರಾಂತಿ ಬೇಡವೇ ಎಂದು ನನ್ನನ್ನೇ ಕೇಳಿದ. ಸಂತೆಯ ದಿನ ನೀರು ಹೊರುವ ಹೆಣ್ಣಾಳುಗಳು ಸಿಗುವುದಿಲ್ಲ. ಅವನ್ನೆಲ್ಲ ಕಳೆದು ನೋಡಿದರೆ ಮುಂದಿನ ಸೋಮವಾರ ಎಲ್ಲರಿಗೂ ಬಿಡುವಿತ್ತು. ಮರುದಿನ ಸಂತೆ, ಅದರ ಮರುದಿನ ಅಮಾವಾಸ್ಯೆ, ಆಮೇಲೆ ಮಳೆ ಕಾಯುವ ಭರವಸೆಯಿಲ್ಲ. ಸೋಮವಾರವನ್ನು ಕಂಡುಹಿಡಿದ ಸಂತೋಷಕ್ಕೆ ಅಂದು ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಸೋಮವಾರ ಬೆಳಿಗ್ಗೆ ಎಲ್ಲರೂ ಬಂದರು! ಪಡುವಣದಲ್ಲಿ ಮೋಡವೂ ಬಂದಿತ್ತು. ಕಲ್ಲು ಕೂಡಿಸುವ ಸುಣ್ಣದ ಗಚ್ಚು ಅರೆಯುವ ಗಾಣ ಮಾತ್ರ ನಿಂತೇ ಇತ್ತು. ಗಾಣದ ವೀರಪ್ಪನ ಎತ್ತುಗಳು ಮೈ ತೊಳೆಸಿಕೊಂಡು, ಹಣೆಗೆ ವಿಭೂತಿ ಹಚ್ಚಿಸಿಕೊಂಡು ಮೆಲುಕು ಹಾಕುತ್ತಿದ್ದವು.

"ಏನೋ ವೀರಪ್ಪ, ಹೂಡಲಿಲ್ಲ?" ಎಂದೆ.

"ಇವತ್ತ ಸೋಮವಾರ್ರೀ! ಬಸವಣ್ಣನ ಹೆಗಲಿಗೆ ನೊಗಾ ಇಡ್ತಾರೇನ್ರಿ? ನೀವೂ ಒಕ್ಕಲತನದ ಮನಿಯವರ ಅಲ್ಲೇನು?"

ಹೌದು. ನಮ್ಮಪ್ಪನೂ ಸೋಮವಾರ ಎತ್ತು ಹೂಡಿದವನಲ್ಲ. ಎಲ್ಲರನ್ನೂ ವಿಚಾರಿಸಿದ ನಾನು ಎತ್ತನ್ನು ವಿಚಾರಿಸಿರಲಿಲ್ಲ. ಕಾಳಪ್ಪ ಸಾಮಾನು ಕಟ್ಟತೊಡಗಿದ.

ಹುಸೇನಸಾಬರು ಮೋಡ ನೋಡಿದರು, ಗಾಣ ನೋಡಿದರು. "ಸೋಮವಾರ ಎತ್ತಿಗಿ ಐತಿ. ಮನುಷ್ಯಾಗ ಐತೇನ್ರಿ?" ಎಂದರು.

"ಮನುಷ್ಯಾಗಿಲ್ಲ" ಎಂದು ವೀರಪ್ಪ ಒಪ್ಪಿ, ತಾನೇ ನೊಗದ ಒಂದು ತುದಿಗೆ ಹೆಗಲು ಕೊಟ್ಟ. ಇನ್ನೊಂದು ತುದಿಗೆ ಯಾರು? ಗೌಂಡಿಗಳು ಕಲ್ಲು ಕೂಡಿಸಬೇಕು, ಕಾಳಪ್ಪ ಬೆಣೆ ನೋಡಬೇಕು, ಹೆಣ್ಣಾಳುಗಳು ನೀರು ಹೊರಬೇಕು. ಏನೂ ಕೆಲಸವಿಲ್ಲದವನು ಅಲ್ಲಿ ಯಾರಿದ್ದಾನೆ ಎಂದು ನಾನೂ ಕುತೂಹಲದಿಂದ ಸುತ್ತ ನೋಡಿದೆ. ಉಳಿದವರೆಲ್ಲ ನನ್ನನ್ನು ನೋಡುತ್ತಿದ್ದರು.

ಕೋಟು ಬಿಚ್ಚಿದೆ. ಸಂಜೆಯ ತನಕ ಗಾಣ ತಿರುಗಿತು. ವೀರಪ್ಪ ಎತ್ತು ಹೊಡೆಯುವ ರೂಢಿಯಂತೆ ನಡುನಡುವೆ ನಾಲಿಗೆ ಲೊಚಗುಟ್ಟಿಸುತ್ತಿದ್ದ. ನನ್ನ ಕಾಲೂ ಅದಕ್ಕೆ ಸರಿಯಾಗಿ ಚುರುಕಾಗುತ್ತಿತ್ತು. ಹೊತ್ತು ಮುಳುಗುವಾಗ ಕಮಾನಿನ ಕೊನೆಯ ಕಲ್ಲು, ನಡುಗಲ್ಲು, ಕೂತಿತು. ಎರಡು ದಿನ ಬಿಟ್ಟು ಹಳ್ಳ ತುಂಬಿ ಬಂತು, ಕಮಾನು ಜಪ್ಪಯ್ಯ ಎನ್ನಲಿಲ್ಲ. ಗುತ್ತೇದಾರರು, "ಮಂದಿ ಹೂಡೂದು ನಿಮಗ ಗೊತ್ತೈತಿ ಬಿಡ್ರಿ" ಎಂದು ಹೊಗಳಿದರು. ಯಾರು ಯಾರನ್ನು ಹೂಡಿದರು ಎಂಬುದನ್ನು ನಾನು ಬಿಡಿಸಿ ಹೇಳಲಿಲ್ಲ.

ಮುಂದಿನ ಬೇಸಿಗೆಗೆ ವೀರಪ್ಪ ಮನೆಗೆ ಬಂದ. ಚಹಾ ಕುಡಿದು, ಸಂಕೋಚದಿಂದ ಮಾತು ತೆಗೆದ.

"ಹಂಸಭಾವ್ಯಾಗ ಬಾವಿ ಕಟ್ಟಾಕತ್ತಾರ್ರಿ. ಗಚ್ಚು ಅರಿಯೂ ಕೆಲಸ ನನ್ನದೈತಿ. ಸೋಮವಾರ ನೀವು ಖಾಲಿ ಇರ್ತೀರೇನ್ರಿ?"

ಕೇಳುವಾಗ ಅವನು ನನ್ನ ಮುಖ ನೋಡಲಿಲ್ಲ, ಹೆಗಲು ನೋಡುತ್ತಿದ್ದ.